ಮೊಲದ ಮೊಟ್ಟೆಯೂ ಸೂಳೆಕೆರೆಯ ಟಿಟ್ಟಿಭವೂ

ಚನ್ನಗಿರಿಯಿಂದ ದಾವಣಗೆರೆ ರಸ್ತೆ ಹಿಡಿದು ಸುಮಾರು 20 ಕಿಲೋಮೀಟರು ಸಾಗಿದರೆ ಎರಡು ಗುಡ್ಡಗಳ ಸಂದಿನಲ್ಲೊಂದು ಏರಿ. ಏರಿಯ ಆಚೆ ಕಣ್ಣು ಹಾಯುವಷ್ಟೂ ನೀರು. ಅದೇ ಸೂಳೆಕೆರೆ. ಕಾಗದಪತ್ರಗಳಲ್ಲಿ ಶಾಂತಿಸಾಗರ. 11–12ನೆಯ ಶತಮಾನದಲ್ಲಿ ಕಟ್ಟಿದ್ದೆಂದು ಹೇಳಲಾಗುವ ಈ ಕೆರೆ ತುಂಬಿದಾಗ ಸುಮಾರು 6,500 ಎಕರೆಯಷ್ಟು ಹರಡಿಕೊಳ್ಳುತ್ತದೆ. ಇಷ್ಟು ನೀರನ್ನು ತಡೆದು ನಿಲ್ಲಿಸಿರುವ ಏರಿ ಮಾತ್ರ ಸೋಜಿಗವೆನಿಸುವಷ್ಟು ಚಿಕ್ಕದು. ಮಿಕ್ಕ ಕೆಲಸವನ್ನು ಗುಡ್ಡಗಳೇ ನೋಡಿಕೊಳ್ಳುತ್ತವೆ.

ಕೆರೆ ತುಂಬಿದಾಗ ಬಂದು ನೋಡಿ ಹೋಗುವವರೇ ಹೆಚ್ಚು. ಆದರೆ ಪರೀಕ್ಷೆ ಮುಗಿದ ಏಪ್ರಿಲ್ ತಿಂಗಳಲ್ಲಿ, ನೀರು ಹಿಂದೆ ಸರಿದು ಅಂಗಳ ಬಯಲಾದಾಗ ಬಂದವರಿಗೆ ಬೇರೆಯೇ ನೋಟ ಕಾದಿರುತ್ತದೆ. ದಂಡೆಯ ಒಣಹುಲ್ಲಿನಲ್ಲಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ತಲೆಯ ಮೇಲೆ ಕಿರುಚಾಟ ಶುರು. ಕಪ್ಪು ತಲೆ, ಬಿಳಿ ಹೊಟ್ಟೆ, ಹಳದಿ ಕಾಲು, ಕಣ್ಣ ಮುಂದೆ ಕೆಂಪು ತೊಗಲಿನ ತುಣುಕು. ಇದು ಟಿಟ್ಟಿಭ. ತನ್ನ ಹೆಸರನ್ನು ತಾನೇ ಕೂಗಿ ಹೇಳುವ ಹಕ್ಕಿ. ಅದೃಷ್ಟವಿದ್ದರೆ ಅದೇ ಹುಲ್ಲಿನಿಂದ ಕಾಡುಮೊಲವೊಂದು ಚಂಗನೆ ನೆಗೆದು ಗುಡ್ಡದ ಕಡೆಗೆ ಓಟ ಕೀಳುವುದೂ ಉಂಟು.

ಕಿರುಚುವ ಹಕ್ಕಿ, ಓಡುವ ಮೊಲ, ನೆಲದ ಮೇಲೆ ನಾಲ್ಕು ಮೊಟ್ಟೆ. ಈ ಮೂರನ್ನೂ ಒಟ್ಟಿಗೆ ಕಂಡವನು ಮೊಟ್ಟೆ ಯಾರದೆಂದು ಹೇಳಬೇಕು?

ಜರ್ಮನಿಯ ಹಳ್ಳಿಗರು ಮೊಲದ್ದು ಎಂದರಂತೆ. ಈಸ್ಟರ್ ಹಬ್ಬದಲ್ಲಿ ಮಕ್ಕಳಿಗೆ ಬಣ್ಣದ ಮೊಟ್ಟೆ ತಂದು ತೋಟದ ಹುಲ್ಲಿನಲ್ಲಿ ಬಚ್ಚಿಡುವ ಮೊಲದ ಕಥೆ ಹುಟ್ಟಿದ್ದು ಹೀಗೆ ಎಂಬುದೊಂದು ಊಹೆ. ಆ ಮೊಲದ ಸುದ್ದಿಯನ್ನು 1682ರಲ್ಲಿ ಗಿಯೋರ್ಗ್ ಫ್ರಾಂಕ್ ಫಾನ್ ಫ್ರಾಂಕೆನಾವ್ ಎಂಬ ವೈದ್ಯ ಬರೆದಿಟ್ಟ. ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ವ್ರತದಲ್ಲಿ ಹಿಂದೆ ಮೊಟ್ಟೆ ತಿನ್ನುವಂತಿರಲಿಲ್ಲ. ಕೋಳಿಗಳಿಗೆ ವ್ರತದ ಗೊಡವೆ ಎಲ್ಲಿಯದು? ಅವು ಇಡುತ್ತಲೇ ಹೋದವು. ಹಬ್ಬದ ದಿನಕ್ಕೆ ಮನೆತುಂಬ ಮೊಟ್ಟೆ! ಮುಂದೆ 18ನೆಯ ಶತಮಾನದಲ್ಲಿ ಜರ್ಮನ್ ವಲಸೆಗಾರರ ಜೊತೆ ಮೊಲ ಅಮೆರಿಕದ ಪೆನ್ಸಿಲ್ವೇನಿಯಾಕ್ಕೂ ಹೋಯಿತು. ವಸಂತದ ದೇವತೆಯೊಬ್ಬಳು ಹಕ್ಕಿಯನ್ನು ಮೊಲವಾಗಿಸಿದಳೆಂಬ ಕಥೆಯನ್ನು ಪುರಾತನವೆಂದು ಹಲವರು ನಂಬಿದ್ದಾರೆ. ಅದು 19ನೆಯ ಶತಮಾನದ ವಿದ್ವಾಂಸರ ಊಹೆಯಿಂದ ಬೆಳೆದದ್ದು, ಅಷ್ಟೇನೂ ಹಳೆಯದಲ್ಲ.

ಹುಲ್ಲುಗಾವಲಿನ ಊಹೆ ಅದಕ್ಕಿಂತ ಗಟ್ಟಿ. ಅದನ್ನು ತಿಳಿಯಲು ಮೊದಲು ಮೊಲ ಯಾವುದೆಂದು ಗೊತ್ತಾಗಬೇಕು. ಕನ್ನಡದಲ್ಲಿ ಎಲ್ಲವೂ ಮೊಲವೇ. ಮನೆಯಲ್ಲಿ ಸಾಕುವ ಬಿಳಿ ಮೊಲದ ಮೂಲ ಯೂರೋಪು. ಅದು ಬಿಲ ತೋಡುತ್ತದೆ. ಅದರ ಮರಿ ಕಣ್ಣು ಮುಚ್ಚಿಕೊಂಡು, ಮೈಮೇಲೆ ಕೂದಲಿಲ್ಲದೆ ಹುಟ್ಟುತ್ತದೆ. ಕಾಡುಮೊಲದ ಜಾತಿಯೇ ಬೇರೆ. ಅದಕ್ಕೆ ಬಿಲವಿಲ್ಲ. ಹುಲ್ಲಿನ ನಡುವೆ ಮೈಯನ್ನು ನೆಲಕ್ಕೊತ್ತಿ ಮಲಗುತ್ತದೆ. ಎದ್ದುಹೋದ ಮೇಲೆ ಅಲ್ಲೊಂದು ಕಿರುಗುಳಿ ಉಳಿಯುತ್ತದೆ. ಮರಿಗಳು ಕಣ್ಣು ತೆರೆದು, ಕೂದಲು ಹೊದ್ದೇ ಹುಟ್ಟುತ್ತವೆ. ತಾಯಿ ಅವನ್ನು ಹುಲ್ಲಿನಲ್ಲೇ ಬಿಟ್ಟು ದೂರವಿರುತ್ತದೆ, ಕತ್ತಲಾದ ಮೇಲೆ ಬಂದು ಹಾಲೂಡಿಸುತ್ತದೆ. ನರಿಗೆ ಜಾಡು ಸಿಗದಿರಲೆಂದು ಈ ಉಪಾಯ.

ಟಿಟ್ಟಿಭದ ಯೂರೋಪಿನ ದಾಯಾದಿಯೂ ಅಂಥದೇ ಗುಳಿಯಲ್ಲಿ, ಅದೇ ಹುಲ್ಲಿನಲ್ಲಿ, ವಸಂತದಲ್ಲೇ ಮೊಟ್ಟೆಯಿಡುತ್ತದೆ. ಮನುಷ್ಯ ಹತ್ತಿರ ಬಂದಾಗ ಹಕ್ಕಿ ಮೊದಲೇ ಗೂಡು ಬಿಟ್ಟು ಬೇರೆಲ್ಲೋ ಕಿರುಚುತ್ತಿರುತ್ತದೆ. ಮೊಲ ಮಾತ್ರ ಕಾಲ ಬುಡಕ್ಕೆ ಬರುವವರೆಗೂ ಅಲುಗದೆ ಮಲಗಿದ್ದು ಕಡೇ ಗಳಿಗೆಯಲ್ಲಿ ನೆಗೆಯುತ್ತದೆ. ಅದು ನೆಗೆದ ಕಡೆ ಬಗ್ಗಿ ನೋಡಿದರೆ ಬೆಚ್ಚಗಿನ ಮೊಟ್ಟೆ! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನನ್ನು ಕಂಡಿದ್ದೇವೆ. ಈತ ಮೂರು ಕಾಲನ್ನೇನೂ ಎಣಿಸಲಿಲ್ಲ, ಕಣ್ಣಾರೆ ಕಂಡದ್ದನ್ನೇ ಹೇಳಿದ. ಕಂಡದ್ದು ಅರ್ಧ ಮಾತ್ರ.

ಸೂಳೆಕೆರೆಯ ದಂಡೆಯಲ್ಲಿ ಈ ಇಬ್ಬರೂ ನೆರೆಹೊರೆಯವರೇ. ಆದರೂ ನಮ್ಮ ಕಥೆಗಳಲ್ಲಿ ಮೊಲ ಮೊಟ್ಟೆಯಿಡಲಿಲ್ಲ. ಅದು ಚಂದ್ರನಲ್ಲಿ ಹೋಗಿ ಕೂತಿತು. ಹಂಪೆಯ ಬಳಿ ಬೇಟೆನಾಯಿಯನ್ನೇ ಅಟ್ಟಿಸಿಕೊಂಡು ಹೋಗಿ, ಹಕ್ಕ-ಬುಕ್ಕರಿಗೆ ರಾಜಧಾನಿಯ ಜಾಗ ತೋರಿಸಿತು. ದುರ್ಗಸಿಂಹ 11ನೆಯ ಶತಮಾನದಲ್ಲೇ, ಅಂದರೆ ಹೆಚ್ಚುಕಡಿಮೆ ಈ ಕೆರೆಯ ಕಾಲಕ್ಕೇ, ಪಂಚತಂತ್ರವನ್ನು ಕನ್ನಡಕ್ಕೆ ತಂದ. ಪಂಚತಂತ್ರದ ಪರಂಪರೆಯಲ್ಲಿ ಮೊಲಕ್ಕೂ ಟಿಟ್ಟಿಭಕ್ಕೂ ಒಂದೊಂದು ಕಥೆಯಿದೆ, ಎರಡೂ ನೀರಿನ ದಂಡೆಯವೇ. ಬರಗಾಲದಲ್ಲಿ ನೀರು ಹುಡುಕಿ ಬಂದ ಆನೆಗಳು ದಂಡೆಯ ಮೊಲಗಳನ್ನು ತುಳಿದು ಹಾಕುತ್ತವೆ. ಜಾಣ ಮೊಲವೊಂದು ಚಂದ್ರನ ದೂತನಾಗಿ ಹೋಗಿ, ನೀರಿನಲ್ಲಿ ನಡುಗುವ ಚಂದ್ರಬಿಂಬವನ್ನು ತೋರಿಸಿ, ಒಡೆಯ ಕೋಪಗೊಂಡಿದ್ದಾನೆ ಎಂದು ಆನೆಗಳನ್ನು ಸಾಗಹಾಕುತ್ತದೆ. ಟಿಟ್ಟಿಭದ ಮೊಟ್ಟೆಗಳನ್ನು ಸಮುದ್ರ ಕದಿಯುತ್ತದೆ. ಹಕ್ಕಿ ಗರುಡನ ತನಕ ದೂರು ಒಯ್ದು ಅವನ್ನು ಹಿಂದಕ್ಕೆ ಪಡೆಯುತ್ತದೆ. ಆಕಾಶ ಬಿದ್ದರೆ ತಡೆಯಲೆಂದು ಇದು ಕಾಲು ಮೇಲೆ ಮಾಡಿ ಮಲಗುತ್ತದೆಂದು ನಗುವುದೂ ಇದೆ. ನಕ್ಕವರು ಅದರ ಗೂಡನ್ನು ನೋಡಿರಲಾರರು.

ನೋಡಿದರೆ ತಿಳಿಯುತ್ತದೆ, ಕಥೆ ಕಟ್ಟಿದವರು ಪ್ರಾಣಿಶಾಸ್ತ್ರವನ್ನು ಎಷ್ಟು ಸರಿಯಾಗಿ ಹಿಡಿದಿದ್ದರೆಂದು. ಗೂಡು ಎಂದರೆ ಬರಿಯ ಗುಳಿ, ಸುತ್ತ ಒಂದಿಷ್ಟು ಕಲ್ಲುಹರಳು. ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಚೂಪು ತುದಿ ಒಳಮುಖವಾಗಿ. ಕಂದು ಮೈಮೇಲೆ ಕಪ್ಪು ಮಚ್ಚೆ ಇರುವುದರಿಂದ ಮಣ್ಣು ಯಾವುದು, ಮೊಟ್ಟೆ ಯಾವುದು ತಿಳಿಯದು. ಕಾವು ನಾಲ್ಕು ವಾರ. ಅಷ್ಟರೊಳಗೆ ದನ ತುಳಿಯಬಹುದು, ಟ್ರ್ಯಾಕ್ಟರ್ ಹಾಯಬಹುದು, ನಾಯಿಗೆ ವಾಸನೆ ಸಿಗಬಹುದು. ಮುಂಗಾರು ಬೇಗ ಸುರಿದರೆ ಕೆರೆಯೇ ಬಂದು ನುಂಗಬಹುದು. ಈ ಕೆರೆ ಸ್ವರ್ಗಾವತಿ ಎಂಬ ಪಟ್ಟಣವನ್ನೇ ನುಂಗಿದೆಯೆಂದು ಐತಿಹ್ಯ. ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಿದಾಗ ಊರೆಲ್ಲ ಅದರಡಿ ಸೇರಿತಂತೆ. ನಾಲ್ಕು ಮೊಟ್ಟೆ ಯಾವ ಲೆಕ್ಕ!

ಮೊಲದ ಪಾಡೂ ಹೆಚ್ಚು ಸುಖದ್ದಲ್ಲ. ಬೇಸಿಗೆಯ ಹಬ್ಬಗಳ ನೆಪದಲ್ಲಿ ಬಲೆ, ನಾಯಿ ಕಟ್ಟಿಕೊಂಡು ಹೊರಡುವ ವಾಡಿಕೆ ನಾಡಿನ ಹಲವೆಡೆ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಮೊಲವನ್ನು ಬೇಟೆಯಾಡುವುದು ಅಪರಾಧ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಕೆಲವೆಡೆ ಸಂಕ್ರಾಂತಿಗೆ ಮೊಲ ಹಿಡಿದು, ಪೂಜೆ ಮಾಡಿ, ಕಿವಿಗೆ ಓಲೆ ತೊಡಿಸಿ ಮತ್ತೆ ಬಿಟ್ಟುಬಿಡುವ ಪದ್ಧತಿಯೂ ಇದೆ. ಹಬ್ಬಕ್ಕೂ ಮೊಲಕ್ಕೂ ನಂಟು ಕಟ್ಟುವುದು ಜರ್ಮನರ ಸ್ವತ್ತೇನಲ್ಲ.

ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಯರು ಒಂದು ಸಂಗತಿ ನೆನಪಿಡಬೇಕು. ಹಕ್ಕಿ ಕೂಗು ಎತ್ತಿದರೆ ಗೂಡು ಹತ್ತಿರದಲ್ಲಿದೆ ಎಂದರ್ಥ. ಮುಂದಿನ ಹೆಜ್ಜೆ ಇಡದೆ, ಬಂದ ಜಾಡಿನಲ್ಲೇ ಹಿಂದಿರುಗಿ, ದೂರದಲ್ಲಿ ಮರದ ನೆರಳು ನೋಡಿ ಕೂರಬೇಕು. ಹತ್ತು-ಹದಿನೈದು ನಿಮಿಷ ಸುಮ್ಮನಿದ್ದರೆ ಹಕ್ಕಿ ಅತ್ತಿತ್ತ ನೋಡುತ್ತ, ಏನೂ ತಿಳಿಯದಂತೆ ನಡೆದು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ನಡುಮಧ್ಯಾಹ್ನದ ಬಿಸಿಲಾದರೆ ಮತ್ತೂ ಒಂದನ್ನು ಕಾಣಬಹುದು: ಅದು ಎದ್ದು ನೀರಿನಂಚಿಗೆ ಹೋಗಿ, ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಹಿಂದಿರುಗಿ, ಒದ್ದೆ ಮೈಯಿಂದ ಮೊಟ್ಟೆಗಳನ್ನು ತಣಿಸುತ್ತದೆ.