ಗೋಳಗುಮ್ಮಟದ ಗೋಡೆಗೆ ಕಿವಿಯಿಟ್ಟು

ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಸಕಲೇಶಪುರಕ್ಕೆ ಸುಮಾರು 55 ಕಿಲೋಮೀಟರ್. ಈ ಘಾಟಿ ದಾರಿಯಲ್ಲಿ ರೈಲು 57 ಸುರಂಗಗಳನ್ನು ದಾಟುತ್ತದೆ. ಕಿಟಕಿಗೆ ತಲೆಯಾನಿಸಿ ಅವನ್ನೆಲ್ಲ ಎಣಿಸಲು ಕುಳಿತೆ. ಎಣಿಸಿದರೆ ನಿದ್ದೆ ಬರುತ್ತದೆಂದು ಯಾರೋ ಹೇಳಿದ್ದರು. ಬರಲಿಲ್ಲ. ಸಕಲೇಶಪುರ ದಾಟಿತು, ಇಶಾ ಮುಗಿಸಿ ಬರ್ತ್‌ನಲ್ಲಿ ಮಲಗಿದ್ದೂ ಆಯಿತು. ಬೋಗಿಯಲ್ಲಿ ಎಲ್ಲರ ಗೊರಕೆ. ನಾನೊಬ್ಬ ಮಾತ್ರ ಫ್ಯಾನಿನ ಸದ್ದು ಕೇಳುತ್ತಾ ಕಣ್ಣು ಬಿಟ್ಟುಕೊಂಡಿದ್ದೆ.

ಹೊರಟದ್ದು ವಿಜಯಪುರಕ್ಕೆ. 2014ರಲ್ಲಿ ಹೆಸರು ಬದಲಾಗಿದ್ದರೂ ನನ್ನ ಬಾಯಿಗೆ ಬರುವುದು ಬಿಜಾಪುರವೇ. ಬಿ.ಎ.ಯಲ್ಲಿ ಜೊತೆಗೆ ಓದಿದ ಗೆಳೆಯರೊಬ್ಬರು ಅಲ್ಲಿ ಶಿಕ್ಷಕರು. ನನ್ನ ಕಣ್ಣಿನ ಕೆಳಗಿನ ಕಪ್ಪು ನೋಡಿ, "ನಾಲ್ಕು ದಿನ ಬಂದು ಹೋಗಿ ಮಾರಾಯ್ರೆ" ಎಂದು ಒತ್ತಾಯ ಮಾಡಿದ್ದರು.

ಕಾರಣವನ್ನು ಅವರಿಗೆ ಹೇಳಿರಲಿಲ್ಲ. ಇಲ್ಲಿ ಹೇಳುತ್ತೇನೆ. 2022ರ ಮಳೆಗಾಲದಲ್ಲಿ ನಮ್ಮ ಉಮ್ಮ ಹಾಸಿಗೆ ಹಿಡಿದರು. ನಾಲ್ಕು ರಾತ್ರಿ ನಾನು ಅವರ ಮಂಚದ ಪಕ್ಕದಲ್ಲೇ ಕುರ್ಚಿ ಹಾಕಿ ಎಚ್ಚರವಿದ್ದೆ. ಐದನೆಯ ರಾತ್ರಿ, ಹೆಂಡತಿ "ನೀವು ಸ್ವಲ್ಪ ಮಲಗಿ, ನಾನು ಕೂರುತ್ತೇನೆ" ಎಂದಾಗ "ಬೇಡ" ಎಂದವನು ಕುಳಿತಲ್ಲೇ ನಿದ್ದೆಹೋದೆ. ಸುಬ್ಹಿಯ ಬಾಂಗಿಗೆ ಎಚ್ಚರವಾದಾಗ ಉಮ್ಮ ಇರಲಿಲ್ಲ. ಇನ್ನಾಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಮಂಚದ ಬದಿಯ ಸ್ಟೂಲಿನ ಮೇಲಿದ್ದ ನೀರಿನ ಲೋಟ ಉರುಳಿ ಬಿದ್ದಿತ್ತು. ನೆಲ ಒದ್ದೆಯಾಗಿತ್ತು.

ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಉಮ್ಮ "ಮೋನೇ" ಎಂದು ಕರೆದಿದ್ದರೇ? ಎಷ್ಟು ಸಲ ಕರೆದಿದ್ದರು? ಹಗಲಿನಲ್ಲಿ ಪಾಠ, ಮಕ್ಕಳ ಗಲಾಟೆ, ಅಂಗಡಿ, ಸಂತೆ ಎಂದು ಅದು ಮರೆಗೆ ಸರಿಯುತ್ತಿತ್ತು. ದೀಪ ಆರಿಸಿದ ಕೂಡಲೇ ಎದ್ದು ಬರುತ್ತಿತ್ತು. ಒಂದು ಗಂಟೆ, ಎರಡು ಗಂಟೆ, ಮೂರು. ಗಡಿಯಾರ ನೋಡುವುದು, ಇನ್ನು ಎಷ್ಟು ಗಂಟೆ ಉಳಿದಿದೆ ಎಂದು ಲೆಕ್ಕ ಹಾಕುವುದು, ಆ ಲೆಕ್ಕಕ್ಕೇ ಎದೆ ಹೊಡೆದುಕೊಳ್ಳುವುದು.

ನಾಚಿಕೆ ಬೇರೆ. ಮಲಗುವ ಮೊದಲು ವುಝೂ ಮಾಡಿ, ಹಾಸಿಗೆ ಕೊಡವಿ, ಬಲಮಗ್ಗುಲಿಗೆ ಮಲಗಿ, ಇಂತಿಂತಹ ದುಆ ಓದಿ ಎಂದು ನೂರಾರು ಮಕ್ಕಳಿಗೆ ಕಲಿಸಿದವನು ನಾನು. ನನಗೇ ನಿದ್ದೆ ಬರುವುದಿಲ್ಲ ಎಂದರೆ ಜನ ಏನೆಂದಾರು? ಬಾಯಿಬಿಟ್ಟು ಹೇಳಿದ ಒಬ್ಬಿಬ್ಬರು "ದಿಕ್ರ್ ಹೆಚ್ಚು ಮಾಡಿ ಉಸ್ತಾದರೇ" ಎಂದರು. ದಿಕ್ರ್ ಮಾಡದೆ ಇದ್ದೇನೆಯೇ? ನಾವು ಮೌಲವಿಗಳೂ ಬೇರೆಯವರಿಗೆ ಹೀಗೆಯೇ ಹೇಳುತ್ತೇವಲ್ಲ ಎಂದು ಆಗ ಅರಿವಾಯಿತು. ದುಆವನ್ನು ತಲೆನೋವಿನ ಮಾತ್ರೆಯಂತೆ ಚೀಟಿ ಬರೆದು ಕೊಟ್ಟು ಕಳುಹಿಸುತ್ತೇವೆ.

ಕೊನೆಗೆ ವೈದ್ಯರ ಬಳಿ ಹೋದೆ. ಮಾತ್ರೆ ಬರೆಯುತ್ತಾರೆಂದುಕೊಂಡಿದ್ದೆ, ಬರೆಯಲಿಲ್ಲ. ಅವರು ಹೇಳಿದ್ದು ಕೇಳಿ ಮೊದಲು ನಗು ಬಂತು. ನಿದ್ದೆ ಬಾರದೆ ಇಪ್ಪತ್ತು ನಿಮಿಷವಾಯಿತು ಎನಿಸಿದರೆ ಹಾಸಿಗೆ ಬಿಟ್ಟು ಎದ್ದುಬಿಡಿ, ಮಂದ ಬೆಳಕಿನಲ್ಲಿ ಕುಳಿತುಕೊಳ್ಳಿ, ಕಣ್ಣು ಎಳೆದಾಗ ಮಾತ್ರ ಮಲಗಿ ಎಂದರು. ಗಂಟೆಗಟ್ಟಲೆ ಹೊರಳಾಡುತ್ತಿದ್ದರೆ ಹಾಸಿಗೆ ಎಂದರೆ ಎಚ್ಚರವಿರುವ ಜಾಗ ಎಂದು ದೇಹ ಕಲಿತುಬಿಡುತ್ತದಂತೆ. ಎಷ್ಟೇ ತಡವಾಗಿ ಮಲಗಿದರೂ ಏಳುವ ಹೊತ್ತು ಮಾತ್ರ ಬದಲಾಗಬಾರದು. ಗಡಿಯಾರವನ್ನು ಗೋಡೆಯ ಕಡೆಗೆ ತಿರುಗಿಸಿಡಬೇಕು. ಮೊಬೈಲ್ ಕೋಣೆಯ ಹೊರಗಿರಬೇಕು. ಸಂಜೆಯ ಮೇಲೆ ಚಹಾ ಬೇಡ. ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಸ್ಥೆಯೂ 2016ರಲ್ಲಿ ಹಳೆಯ ನಿದ್ರಾಹೀನತೆಗೆ ಮೊದಲು ಮಾತ್ರೆಯಲ್ಲ, ನಿದ್ದೆಯ ಕುರಿತ ಯೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆಯನ್ನೇ ಕೊಡಬೇಕೆಂದು ಸಲಹೆ ಮಾಡಿದೆ. ಸುಬ್ಹಿಗೆ ಏಳುವವರಿಗೆ ಏಳುವ ಹೊತ್ತಿನ ಶಿಸ್ತು ಕಷ್ಟವಲ್ಲ. ಉಳಿದದ್ದನ್ನೂ ಪಾಲಿಸಿದೆ. ಒಂದು ಗಂಟೆ ನಿದ್ದೆ ಮೂರು ಗಂಟೆಯಾಯಿತು. ಆದರೆ ಲೋಟ ಮಾತ್ರ ಕಣ್ಣ ಮುಂದಿನಿಂದ ಹೋಗಲಿಲ್ಲ.

ಬಿಜಾಪುರ ತಲುಪಿದ ಮರುದಿನ ಬೆಳಿಗ್ಗೆ ಬೇಗನೆ ಗೋಳಗುಮ್ಮಟಕ್ಕೆ ಹೋದೆವು. ಶಾಲಾ ಮಕ್ಕಳ ಬಸ್ಸುಗಳು ಬರುವ ಮೊದಲೇ ಹೋಗಬೇಕು ಎಂದು ಗೆಳೆಯರು ಹೇಳಿದ್ದು ಸರಿಯಾಗಿತ್ತು. ಮುಹಮ್ಮದ್ ಆದಿಲ್ ಶಾಹನ ಸಮಾಧಿಯಿದು. ಅವನು ತೀರಿಕೊಂಡದ್ದು 1656ರಲ್ಲಿ. ಮೇಲೆ ಕಾಣುವ ಗೋರಿಗಳು ನೋಡುವವರಿಗಾಗಿ, ನಿಜವಾದವು ಕೆಳಗಿನ ನೆಲಮಾಳಿಗೆಯಲ್ಲಿವೆ. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಅಷ್ಟು ದೊಡ್ಡ ಭಾರಕ್ಕೆ ನಡುವೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಹಾದುಹೋಗುವ ಕಮಾನುಗಳೇ ಹೊತ್ತು ನಿಂತಿವೆ. ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏಳು ಅಂತಸ್ತು ಹತ್ತಿದಾಗ ನನ್ನ ಮೊಣಕಾಲು ನನ್ನ ವಯಸ್ಸನ್ನು ಹೇಳಿತು.

ಪಿಸುಗುಟ್ಟುವ ಮೊಗಸಾಲೆ ಗುಮ್ಮಟದ ಒಳಸುತ್ತಿನಲ್ಲಿದೆ. ಶಬ್ದ ಏಳು ಸಲ ಮರುಕಳಿಸುತ್ತದೆ ಎಂದು ಒಬ್ಬರು, ಹತ್ತು ಎಂದು ಇನ್ನೊಬ್ಬರು. ಬಾಗಿದ ಗಟ್ಟಿ ಗೋಡೆ, ಗಟ್ಟಿ ಗಾರೆ. ಶಬ್ದವನ್ನು ಹೀರಿಕೊಳ್ಳಲು ಅಲ್ಲಿ ಏನೂ ಇಲ್ಲ, ಆದ್ದರಿಂದ ಒಮ್ಮೆ ಹುಟ್ಟಿದ ಸದ್ದು ಸುತ್ತುತ್ತಲೇ ಇರುತ್ತದೆ. ನನ್ನ ತಲೆಯೂ ರಾತ್ರಿ ಇದೇ ಆಗುತ್ತದಲ್ಲ ಎಂದುಕೊಂಡೆ. ಒಬ್ಬ ಯುವಕ ಗಂಟಲು ಹರಿಯುವಂತೆ ಕಿರುಚಿದ. ಎಲ್ಲರೂ ಚಪ್ಪಾಳೆ ಹೊಡೆದರು. ಪಿಸುಮಾತಿಗೆಂದೇ ಹೆಸರಾದ ಜಾಗಕ್ಕೆ ಬಂದು ಕಿರುಚುವವರೇ ನಮ್ಮಲ್ಲಿ ಹೆಚ್ಚು.

ಅವರು ಇಳಿದು ಹೋದರು. ಗೆಳೆಯರು ಹೊರಗೆ ತಾರಸಿಯಲ್ಲಿ ಊರು ನೋಡುತ್ತಿದ್ದರು. ನಾನು ಗೋಡೆಗೆ ಕಿವಿಯಿಟ್ಟು ಕುಳಿತೆ. ಆಗ ಕಿವಿಯ ಹತ್ತಿರವೇ ಒಂದು ಹೆಣ್ಣು ಧ್ವನಿ, "ಹೆದರಬ್ಯಾಡವ್ವಾ, ನಾ ಇಲ್ಲೇ ಅದೀನಿ." ಬೆಚ್ಚಿಬಿದ್ದು ತಿರುಗಿದೆ. ಪಕ್ಕದಲ್ಲಿ ಯಾರೂ ಇಲ್ಲ. ಎದುರುಬದಿಯಲ್ಲಿ, ಅಷ್ಟು ದೂರದಲ್ಲಿ, ಒಬ್ಬ ತಾಯಿ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಅವಳ ಕಿವಿಯಲ್ಲಿ ಹೇಳುತ್ತಿದ್ದರು. ಆ ಪಿಸುಮಾತು ಗೋಡೆಯುದ್ದಕ್ಕೂ ಸುತ್ತಿ ನನ್ನ ಬಳಿ ಬಂದಿತ್ತು.

ಇಷ್ಟು ದೂರದ ಪಿಸುಮಾತು ನನಗೆ ಕೇಳಿಸಿತು. ಒಂದು ಮೊಳ ದೂರದಲ್ಲಿದ್ದ ನನ್ನ ಉಮ್ಮನ ಧ್ವನಿ ಕೇಳಿಸಲಿಲ್ಲ. ಕುಳಿತಲ್ಲಿಯೇ ಅತ್ತುಬಿಟ್ಟೆ. ಗೆಳೆಯರು ಬಂದು ನೋಡಿದರು, ಏನೂ ಕೇಳಲಿಲ್ಲ. ಒಳ್ಳೆಯವರು.

ಲುಹರ್‌ಗೆ ಜಾಮಿಯಾ ಮಸೀದಿಗೆ ಹೋದೆವು. ಒಂದನೆಯ ಅಲೀ ಆದಿಲ್ ಶಾಹನ ಕಾಲದ್ದು. ಒಳಗಿನ ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ ಎರಡು ಸಾವಿರಕ್ಕೂ ಮಿಕ್ಕಿ ಮುಸಲ್ಲಾಗಳ ಗುರುತುಗಳಿವೆ. 1686ರಲ್ಲಿ ಬಿಜಾಪುರವನ್ನು ಗೆದ್ದ ಔರಂಗಝೇಬ್ ಹಾಕಿಸಿದ್ದು ಎನ್ನುತ್ತಾರೆ. ನಮಾಝಿನ ನಂತರ ಗೆಳೆಯರು ಶಾಲೆಗೆ ಹೋದರು, ನಾನು ಒಂದು ಕಂಬಕ್ಕೆ ಒರಗಿದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮಾತಿಗೆಳೆದರು. ನನ್ನ ಮದ್ರಸದ ಉರ್ದು ಅವರ ದಖನಿಗೆ ಒಗ್ಗಲಿಲ್ಲ. ಇಬ್ಬರೂ ಕನ್ನಡಕ್ಕೆ ಬಂದೆವು.

"ಕಣ್ಣು ಕೆಂಪಗಾಗ್ಯಾವ. ನಿದ್ದಿ ಬರಂಗಿಲ್ಲೇನ್ರಿ?"

ಪರಿಚಯವಿಲ್ಲದವರಿಗೆ ಹೇಳುವುದು ಸುಲಭ. ಲೋಟದ ತನಕ ಎಲ್ಲವನ್ನೂ ಹೇಳಿದೆ. ಅವರು ತಸ್ಬೀಹ್ ಮಣಿ ಎಣಿಸುವುದನ್ನು ನಿಲ್ಲಿಸಿ ಕೇಳಿದರು. ಆಮೇಲೆ ಇಷ್ಟೇ ಅಂದರು: "ಬಿಲಾಲ್ ಸಾಹೇಬ್ರಿಗೂ ನಿದ್ದಿ ಹತ್ತಿತ್ತಲ್ರೀ."

ನನಗೆ ಮೈ ಜುಮ್ಮೆಂದಿತು. ಖೈಬರ್‌ನಿಂದ ಮರಳುವ ದಾರಿಯ ಘಟನೆಯದು. ದಣಿದ ಪ್ರವಾದಿ(ಸ) ಮತ್ತು ಸಹಾಬಿಗಳು ರಾತ್ರಿ ಒಂದೆಡೆ ತಂಗಿದರು. ಸುಬ್ಹಿಗೆ ಎಬ್ಬಿಸುವ ಹೊಣೆ ಬಿಲಾಲ್(ರ)ರದ್ದು. ಅವರು ಒಂಟೆಗೆ ಒರಗಿ ಪೂರ್ವಕ್ಕೆ ಮುಖಮಾಡಿ ಕಾದರು. ಕಾಯುತ್ತಲೇ ನಿದ್ದೆಹೋದರು. ಎಲ್ಲರನ್ನೂ ಎಬ್ಬಿಸಿದ್ದು ಬಿಸಿಲು. ತಮ್ಮನ್ನು ಆವರಿಸಿದ್ದೇ ನನ್ನನ್ನೂ ಆವರಿಸಿತು ಎಂಬಂತೆ ಬಿಲಾಲ್(ರ) ಅರಿಕೆ ಮಾಡಿಕೊಂಡರು. ಪ್ರವಾದಿ(ಸ) ಅವರನ್ನು ದೂರಲಿಲ್ಲ. ಸ್ವಲ್ಪ ಮುಂದೆ ಹೋಗಿ, ಅದೇ ಬಿಲಾಲ್‌ರಿಂದ ಇಕಾಮತ್ ಕೊಡಿಸಿ ನಮಾಝ್ ನಿರ್ವಹಿಸಿದರು. ಲೋಪವೆಂಬುದು ಎಚ್ಚರವಿರುವವನದ್ದು, ನಿದ್ದೆಯಲ್ಲಿರುವವನದ್ದಲ್ಲ ಎಂಬರ್ಥದ ವಚನವೂ ಸಹೀಹ್ ಮುಸ್ಲಿಮ್‌ನಲ್ಲಿದೆ.

ಈ ಹದೀಸನ್ನು ನಾನು ಎಷ್ಟು ವರ್ಷ ಪಾಠ ಮಾಡಿದ್ದೇನೆ! ಅರಬಿಯಲ್ಲೇ ಬಾಯಿಪಾಠವಿದೆ. ಆದರೆ ಕಳಾ ನಮಾಝಿನ ಅಧ್ಯಾಯದಲ್ಲಿ, ಮಸ್‌ಅಲದ ಪುರಾವೆಯಾಗಿ. ತಪ್ಪಿಹೋದ ನಮಾಝನ್ನು ಯಾವಾಗ ನಿರ್ವಹಿಸಬೇಕು ಎಂದಷ್ಟೇ ಪರೀಕ್ಷೆಯಲ್ಲಿ ಕೇಳುತ್ತಿದ್ದೆ. ಒಂಟೆಗೆ ಒರಗಿ ಕುಳಿತ ಆ ದಣಿದ ಮನುಷ್ಯನನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

"ಅಮ್ಮಗ ದುಆ ಮಾಡ್ರಿ. ಹಂಗೇ ಚೂರು ಅಡ್ಡಾಗ್ರಿ, ಅಸರ್‌ಕ್ಕ ನಾ ಎಬ್ಬಿಸ್ತೀನಿ" ಎಂದು ಹಿರಿಯರು ತಮ್ಮ ಶಾಲು ಮಡಚಿ ಕೊಟ್ಟರು. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರಬಾರದು ಎಂದು ವೈದ್ಯರು ಹೇಳಿದ್ದು ನೆನಪಿತ್ತು. ಅಂದು ಮೀರಿತು. ಅವರು ಕಾಲು ಅಲುಗಾಡಿಸಿ ಎಬ್ಬಿಸಿದಾಗ ಅಂಗಳದ ಬಿಸಿಲು ಇಳಿದಿತ್ತು.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಈಗಲೂ ವಾರಕ್ಕೊಂದೆರಡು ರಾತ್ರಿ ಎರಡು ಗಂಟೆಗೆ ಎದ್ದು ಜಗಲಿಯಲ್ಲಿ ಕೂರುತ್ತೇನೆ. ಲೋಟ ಕಣ್ಣ ಮುಂದೆ ಬರುತ್ತದೆ. ಬಂದಾಗ ಉಮ್ಮನಿಗಾಗಿ ದುಆ ಮಾಡುತ್ತೇನೆ. ಅದು ಉರುಳಿದ್ದು ನನ್ನ ಕೈಯಿಂದಲೇ ಎಂಬಂತೆ ವಿಚಾರಣೆಗೆ ನಿಲ್ಲುವುದನ್ನು ಮಾತ್ರ ಬಿಟ್ಟಿದ್ದೇನೆ.

ಮರಳುವಾಗ ರೈಲಿನಲ್ಲಿ ಸುಬ್ಹಿ ಮುಗಿಸಿ ಕಿಟಕಿಗೆ ಒರಗಿದೆ. ಸಕಲೇಶಪುರದ ಮಂಜು ನೋಡಿದ್ದು ನೆನಪಿದೆ. ಒಂದೋ ಎರಡೋ ಸುರಂಗ ಎಣಿಸಿರಬೇಕು. ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಚಹಾ ಮಾರುವವನ ಕೂಗಿಗೆ ಎಚ್ಚರವಾಯಿತು.