ಲಾವಾ ಬಯಲಿನ ನಾಣ್ಯಗಣಿ

ಐಸ್‌ಲೆಂಡಿನ ಕೆಫ್ಲಾವಿಕ್ ವಿಮಾನ ನಿಲ್ದಾಣದಿಂದ ಹೊರಬಿದ್ದರೆ ಎದುರಾಗುವುದು ಮರಗಳಿಲ್ಲದ ಕಪ್ಪು ಲಾವಾ ಬಯಲು. ಈ ಭಾಗದಲ್ಲೇ ಗಣಿಯೊಂದು ಎದ್ದಿತ್ತು. ಅಗೆತವಿಲ್ಲ, ಮಣ್ಣಿಲ್ಲ, ಗೋದಾಮಿನ ತುಂಬ ಕಪಾಟುಗಳು, ಒಂದೊಂದು ಮದರ್‌ಬೋರ್ಡಿಗೂ ಹಲವು ಗ್ರಾಫಿಕ್ಸ್ ಕಾರ್ಡು! ಕಂಪ್ಯೂಟರ್ ಆಟಗಳ ಚಿತ್ರ ಮೂಡಿಸಲೆಂದು ಹುಟ್ಟಿದ ಈ ಕಾರ್ಡುಗಳು ಹಗಲಿರುಳು ಲೆಕ್ಕ ಮಾಡಿ 'ಈಥರ್' ನಾಣ್ಯ ಗಳಿಸುತ್ತಿದ್ದವು.

ಇಲ್ಲೇ ಏಕೆ? ನದಿಗಳಿಂದಲೂ ಭೂಗರ್ಭದ ಬಿಸಿಯಿಂದಲೂ ಅಗ್ಗದ ವಿದ್ಯುತ್ತು. ಕಾದ ಕಾರ್ಡು ತಣಿಸಲು ಹೊರಗಿನ ಚಳಿಗಾಳಿ.

2018ರಲ್ಲಿ ಇಂಥ ಗಣಿಗಳು ದೇಶದ ಮನೆಗಳೆಲ್ಲ ಬಳಸುವುದಕ್ಕಿಂತ ಹೆಚ್ಚು ವಿದ್ಯುತ್ ನುಂಗಲಿವೆ ಎಂಬ ಅಂದಾಜು ಬಂದಾಗ ನಾಡಿನಲ್ಲಿ ಪ್ರಶ್ನೆ ಎದ್ದಿತು: ಇದರಿಂದ ನಮಗೇನು ಲಾಭ?

2022ರ ಸೆಪ್ಟೆಂಬರ್ 15ರಂದು ಈಥರ್ ಪದ್ಧತಿಯೇ ಬದಲಾಗಿ, ಕಾರ್ಡುಗಳಿಗೆ ಆ ಕೆಲಸ ತಪ್ಪಿತು. ಗಾಳಿಯೇನೋ ಪುಕ್ಕಟೆ, ವಿದ್ಯುತ್ತು ಊರವರ ಸೊತ್ತಲ್ಲವೇ?