ಕಡಲು ಕಾಣದ ಊರಿಗೆ ಬಂದ ತುಫಾನು

ಬಳ್ಳಾರಿಯಿಂದ ರಾಯದುರ್ಗದ ದಾರಿ ಹಿಡಿದು ಬರುವವರಿಗೆ ರಾಜ್ಯದ ಗಡಿ ದಾಟಿದ ಸ್ವಲ್ಪ ಹೊತ್ತಿನಲ್ಲಿಯೇ ಡಿ. ಹಿರೇಹಾಳ್ ಎದುರಾಗುತ್ತದೆ. ಓಬಳಾಪುರದ ಅದಿರಿನ ಗುಡ್ಡಗಳು ಈ ಸೀಮೆಯಲ್ಲಿ ಕೆಂಪಗೆ ಕಾಣುತ್ತವೆ. ಅವುಗಳ ಕೆಳಗೆ ಹೊಲಗಳು. ಹೊಲಗಳ ನಡುವೆ ವರ್ಷದ ಬಹುಭಾಗ ಒಣಗಿಯೇ ಇರುವ ಹಳ್ಳಗಳು. ಫಲಕಗಳ ಮೇಲೆ ತೆಲುಗು, ಮನೆಯೊಳಗೆ ಕನ್ನಡ. ಅನಂತಪುರ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್ ಮಾತ್ರ. ಬಂಗಾಳ ಕೊಲ್ಲಿಯ ದಂಡೆ ಇಲ್ಲಿಂದ 300 ಕಿಲೋಮೀಟರಿಗೂ ಹೆಚ್ಚು ದೂರ. ಇಂತಹ ಊರಿನ ಶಾಲೆಯಲ್ಲಿ ಚಂಡಮಾರುತದ ಪಾಠ ಬಂದರೆ ಮಕ್ಕಳು ಅದನ್ನು ಯಾವುದೋ ದೂರ ದೇಶದ ಕಥೆಯೆಂಬಂತೆ ಕೇಳುತ್ತಾರೆ. ನಾನೂ ಹಾಗೆಯೇ ಕೇಳಿ ಬೆಳೆದವನು.

ನಮ್ಮ ಹಿರಿಯರ ಬಾಯಲ್ಲಿ ತುಫಾನು ಎಂದರೆ ದಿವಿಸೀಮೆ. 1977ರ ನವೆಂಬರ್ 19ರಂದು ಕೃಷ್ಣಾ ನದಿ ಸಮುದ್ರ ಸೇರುವ ಆ ನಾಡಿಗೆ ಕಡಲೇ ಎದ್ದು ನುಗ್ಗಿ, ಸುಮಾರು 10,000 ಜನರನ್ನು ಬಲಿ ತೆಗೆದುಕೊಂಡಿತು. ಅಂತಹ ಅಲೆ ನಮ್ಮ ಊರಿಗೆ ಬರಲಾರದು. ಆದರೆ ತುಫಾನು ನಮ್ಮಲ್ಲಿಗೆ ಬರುವ ಬಗೆಯೇ ಬೇರೆ.

ಬೆಚ್ಚಗಿನ ಸಮುದ್ರದ ಮೇಲಿನ ಆವಿಯನ್ನು ಹೀರಿಕೊಂಡು ಸುಳಿಗಾಳಿ ಬಲಗೊಳ್ಳುತ್ತದೆ. ಅದರ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದಾಗ ಹವಾಮಾನ ಇಲಾಖೆ ಅದನ್ನು ಚಂಡಮಾರುತವೆಂದು ಕರೆದು ಹೆಸರಿಡುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ವಾಯುಭಾರ ಕುಸಿತವೆನ್ನುತ್ತದೆ. ನೆಲಕ್ಕೆ ಬಂದ ಮೇಲೆ ಸಮುದ್ರದ ಆವಿ ಸಿಗದೆ ಗಾಳಿ ಸೊರಗುತ್ತದೆ. ಆದರೆ ಮೋಡಗಳಲ್ಲಿ ತುಂಬಿಕೊಂಡ ನೀರು ಪಶ್ಚಿಮಕ್ಕೆ ಸಾಗುತ್ತ ಸಾಗುತ್ತ ದಿನಗಟ್ಟಲೆ ಸುರಿಯುತ್ತದೆ. ಹೀಗೆ ಕರಾವಳಿಗೆ ಗಾಳಿಯಾಗಿ ಬಂದದ್ದು ನಮಗೆ ಜಡಿಮಳೆಯಾಗಿ ಬರುತ್ತದೆ.

2021ರ ನವೆಂಬರಿನಲ್ಲಿ ಬಂದದ್ದು ಚಂಡಮಾರುತವೂ ಅಲ್ಲ, ವಾಯುಭಾರ ಕುಸಿತ ಮಾತ್ರ. ಅದಕ್ಕೆ ಹೆಸರೂ ಇರಲಿಲ್ಲ. ದಿವಿಸೀಮೆಯ ದುರಂತ ನಡೆದ ಅದೇ ತಾರೀಖು, 19ರ ನಸುಕಿನಲ್ಲಿ, ಅದು ಪುದುಚೇರಿ ಮತ್ತು ಚೆನ್ನೈ ನಡುವೆ ದಂಡೆಯನ್ನು ದಾಟಿತು. ಅಂದೇ ಕಡಪ ಜಿಲ್ಲೆಯಲ್ಲಿ ಚೆಯ್ಯೇರು ನದಿಯ ಅನ್ನಮಯ್ಯ ಜಲಾಶಯದ ಕಟ್ಟೆ ಒಡೆದು ಕೆಳಗಿನ ಹಳ್ಳಿಗಳು ಕೊಚ್ಚಿಹೋದವು. ಆಗಿನ ಅವಿಭಜಿತ ಅನಂತಪುರ ಜಿಲ್ಲೆಯ ಚಿತ್ರಾವತಿಯಲ್ಲಿ ಪ್ರವಾಹದ ನಡುವೆ ಸಿಕ್ಕಿಕೊಂಡ 10 ಮಂದಿಯನ್ನು ವಾಯುಸೇನೆಯ ಹೆಲಿಕಾಪ್ಟರ್ ಬಂದು ಎತ್ತಬೇಕಾಯಿತು. ಕದಿರಿ ಪಟ್ಟಣದಲ್ಲಿ, ಕಟ್ಟುತ್ತಿದ್ದ ಕಟ್ಟಡವೊಂದು ಕುಸಿದು ಪಕ್ಕದ ಮನೆಯ ಮೇಲೆ ಬಿದ್ದು, ಮಲಗಿದ್ದ ಮಕ್ಕಳೂ ಸೇರಿ ಹಲವರು ತೀರಿಕೊಂಡರು. ಬರಕ್ಕೆ ಹೆಸರಾದ ಜಿಲ್ಲೆಯಲ್ಲಿ ನೀರಿನಿಂದ ಸಾವು!

ನಮ್ಮ ಊರಿನ ಪಾಲಿಗೆ ಬಂದದ್ದು ಅಷ್ಟು ದೊಡ್ಡ ಆಪತ್ತಲ್ಲ. ಆದರೂ ಆ ರಾತ್ರಿಗಳನ್ನು ನಾನು ಮರೆತಿಲ್ಲ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ತೊಲೆ, ಜಂತಿಗಳ ಮೇಲೆ ಹೊದಿಸಿದ ಮಣ್ಣಿಗೆ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಚೌಳು ಮಣ್ಣು ಹಾಕಿ ತುಳಿಯುವುದು ರೂಢಿ. ಆ ವರ್ಷ ಅದನ್ನು ಮಾಡಿರಲಿಲ್ಲ. ಬಿರುಮಳೆ ಒಂದು ಗಂಟೆ ಸುರಿದು ಹೋದರೆ ಮಾಳಿಗೆ ತಡೆದುಕೊಳ್ಳುತ್ತದೆ. ಜಡಿಮಳೆಗೆ ಅದು ಒಳಗೊಳಗೇ ನೆನೆದು ಭಾರವಾಗುತ್ತದೆ. ಎರಡನೆಯ ರಾತ್ರಿ ಅಡುಗೆಮನೆಯಲ್ಲಿ ಸೋರಿಕೆ ಶುರುವಾಯಿತು. ಅವ್ವ ಪಾತ್ರೆಗಳನ್ನು ಒಂದೊಂದಾಗಿ ಇಡುತ್ತ ಹೋದಳು. ನಡುರಾತ್ರಿಯಲ್ಲಿ ಹಿಂಬದಿಯ ಗೋಡೆಯಿಂದ ಮಣ್ಣು ಉದುರುವ ಸಪ್ಪಳ ಕೇಳಿಸಿತು. ಅಪ್ಪ ಏನನ್ನೂ ಮಾತಾಡದೆ ನಮ್ಮನ್ನೆಲ್ಲ ಎಬ್ಬಿಸಿ, ಎದುರಿನ ಆರ್‌ಸಿಸಿ ಮನೆಯ ಪಡಸಾಲೆಗೆ ಕರೆದೊಯ್ದರು. ಗೋಡೆ ಆ ರಾತ್ರಿ ಬೀಳಲಿಲ್ಲ. ಮಳೆ ನಿಂತು, ಬಿಸಿಲು ಬಿದ್ದ ಮರುದಿನ ಮಧ್ಯಾಹ್ನ ಬಿತ್ತು. ಇನ್ನೇನು ಭಯವಿಲ್ಲವೆಂದು ನಾವು ಹಾಸಿಗೆಗಳನ್ನು ಒಳಗೆ ತರಲು ಸಿದ್ಧರಾಗಿದ್ದೆವು.

ಹೊಲದ ಕಥೆ ಇನ್ನೂ ಕಠಿಣ. ತಡವಾಗಿ ಬಿತ್ತಿದವರ ಶೇಂಗಾ ಆಗತಾನೆ ಕಿತ್ತು ಬಳ್ಳಿಸಮೇತ ಹೊಲದಲ್ಲಿಯೇ ಒಣಗಲು ಬಿದ್ದಿತ್ತು. ಗುತ್ತಿ ಜಾತಿಯ ಶೇಂಗಾ ಬೀಜಕ್ಕೆ ಬಲಿತ ಮೇಲೆ ನಿದ್ರೆಯಿಲ್ಲ. ತೇವ ಸಿಕ್ಕರೆ ಸಿಪ್ಪೆಯೊಳಗೇ ಮೊಳೆಯುತ್ತದೆ. ಮೊಳೆಯದೆ ಉಳಿದ ಕಾಯಿಗೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನ ಅಫ್ಲಟಾಕ್ಸಿನ್ ಎಂಬ ವಿಷ ಮನುಷ್ಯರಿಗೂ ದನಗಳಿಗೂ ಕೇಡು. ಬಳ್ಳಿ ಕಪ್ಪಾಗಿ, ದನಗಳ ಮೇವೂ ಹೋಯಿತು. ಜೂನಿನಿಂದ ಮಳೆಗಾಗಿ ಮುಗಿಲು ನೋಡಿದವರೇ ನವೆಂಬರಿನಲ್ಲಿ ಮಳೆ ನಿಲ್ಲಲೆಂದು ಮುಗಿಲು ನೋಡಿದರು. ಪಕ್ಕದ ಹೊಲದ ದೊಡ್ಡಪ್ಪ ಮೊಳೆತ ಕಾಯಿಗಳನ್ನು ಅಂಗೈಯಲ್ಲಿ ಹಿಡಿದು ಹೇಳಿದ ಮಾತು ನೆನಪಿದೆ: “ಮಳೆ ಬ್ಯಾಡ ಅನ್ನಾಕೆ ನಾಲಿಗಿ ಬರವಲ್ದಪ್ಪ. ಇಷ್ಟು ವರ್ಷ ಬೇಡಿಕೊಂಡೋರು ನಾವೇ ಅಲ್ಲೇನು?”

ಆ ಮಾತಿನಲ್ಲಿ ನಮ್ಮ ಸೀಮೆಯ ಪೂರ್ತಿ ಸಂಕಟವಿದೆ. ಅದೇ ಮಳೆಗೆ ಕೆರೆಗೆ ನೀರು ಬಂತು, ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಮೇಲೆದ್ದಿತು, ಹಿಂಗಾರಿನ ಕಡಲೆಗೆ ನೆಲ ಹದವಾಯಿತು. ಆದ್ದರಿಂದ ತುಫಾನನ್ನು ನಾವು ಬರಿಯ ಶತ್ರುವೆಂದು ಬೈಯುವಂತಿಲ್ಲ. ಅದು ಬರುವ ಸುದ್ದಿಯನ್ನು ಸಕಾಲದಲ್ಲಿ ತಿಳಿದು, ಕಳೆದುಕೊಳ್ಳುವುದನ್ನು ಕಡಿಮೆ ಮಾಡಿಕೊಳ್ಳುವುದೊಂದೇ ನಮ್ಮ ಕೈಯಲ್ಲಿರುವುದು.

ಸುದ್ದಿಯೇನೋ ಬಂದಿತ್ತು. ಟಿವಿಯಲ್ಲಿ ಮೊದಲು ‘ಅಲ್ಪಪೀಡನಂ’ ಎಂದರು, ಆಮೇಲೆ ‘ವಾಯುಗುಂಡಂ’ ಎಂದರು. ಸಂತೆಯ ತೆಲುಗು ನಮಗೆಲ್ಲ ಬರುತ್ತದೆ. ಈ ತೆಲುಗು ಸಂತೆಯದಲ್ಲ. ಅಲ್ಪಪೀಡನವೆಂದರೆ ಅಲ್ಪವಾದ ಪೀಡೆಯಿರಬೇಕೆಂದು ನಮ್ಮ ಅಜ್ಜಿ ಅರ್ಥ ಮಾಡಿಕೊಂಡಿದ್ದಳು. ಅದು ಕಡಿಮೆ ಒತ್ತಡದ ಪ್ರದೇಶವೆಂದೂ, ವಾಯುಗುಂಡವೆಂದರೆ ನಮ್ಮ ಪುಸ್ತಕದ ವಾಯುಭಾರ ಕುಸಿತವೇ ಎಂದೂ, ಒಂದು ಬಲಿತು ಇನ್ನೊಂದಾಗುತ್ತದೆಂದೂ ಹೇಳುವವರು ಮನೆಯಲ್ಲಿ ಒಬ್ಬರಿದ್ದಿದ್ದರೆ, ಎರಡು ದಿನ ಮುಂಚೆಯೇ ಬಳ್ಳಿಯನ್ನು ಬಣವೆ ಒಟ್ಟಿ ತಾಡಪತ್ರಿ ಹೊದಿಸಬಹುದಿತ್ತು.

ಆ ಒಬ್ಬರು ಶಾಲೆಗೆ ಹೋಗುವ ಮಕ್ಕಳೇ ಆಗಬಲ್ಲರು. ಕನ್ನಡದಲ್ಲಿ ವಿಜ್ಞಾನ ಓದುವ, ತೆಲುಗನ್ನೂ ಕಲಿಯುವ ನಮ್ಮ ಮಕ್ಕಳಿಗೆ ಎರಡೂ ಭಾಷೆಯ ಮಾತುಗಳು ಸಿಗುತ್ತವೆ. ಹವಾಮಾನ ಇಲಾಖೆಯ ಹಳದಿ ಬಣ್ಣ ಗಮನವಿಡಿ ಎನ್ನುತ್ತದೆ, ಕಿತ್ತಳೆ ಸಿದ್ಧರಾಗಿ ಎನ್ನುತ್ತದೆ, ಕೆಂಪು ಕೂಡಲೇ ಕ್ರಮ ಕೈಗೊಳ್ಳಿ ಎನ್ನುತ್ತದೆ. ಇಷ್ಟನ್ನು ಮಗು ಓದಿ ಹೇಳಿದರೆ ಹಿರಿಯರು ಮಾಡಬೇಕಾದದ್ದನ್ನು ಮಾಡುತ್ತಾರೆ. ಜಡಿ ಹಿಡಿದಾಗ ಮಣ್ಣಿನ ಗೋಡೆಯ ಮಗ್ಗುಲಲ್ಲಿ ಮಲಗಬಾರದು. ಮಳೆ ನಿಂತ ಮೇಲೂ ಕೆಲವು ದಿನ ಆ ಗೋಡೆಯನ್ನು ನಂಬಬಾರದು. ನಿನ್ನೆ ನಡೆದು ದಾಟಿದ ಹಳ್ಳವೆಂದು ಇಂದು ಕೆಂಪು ನೀರಿಗೆ ಕಾಲಿಡಬಾರದು.

ಬಿದ್ದ ಗೋಡೆಯ ಜಾಗದಲ್ಲಿ ಈಗ ಇಟ್ಟಿಗೆಯ ಗೋಡೆಯಿದೆ. ನವೆಂಬರ್ ಬಂದರೆ ಅಜ್ಜಿ ಟಿವಿಯ ಮುಂದೆ ಕುಳಿತು ಮೊಮ್ಮಗಳನ್ನು ಕರೆಯುತ್ತಾಳೆ. ಅವಳು ಶಾಲೆಯ ಭೂಪಟ ತಂದು, ಚೆನ್ನೈ ಮೇಲೆ ಒಂದು ಬೆರಳನ್ನೂ ನಮ್ಮ ಊರಿರುವ ಕಡೆ ಇನ್ನೊಂದು ಬೆರಳನ್ನೂ ಇಟ್ಟು ತೋರಿಸುತ್ತಾಳೆ. ಭೂಪಟದಲ್ಲಿ ಆ ದೂರ ಎರಡು ಬೆರಳಿನಷ್ಟೂ ಇಲ್ಲ.